ಸಾಫ್ಟ್‌ವೇರ್ ಮೇಲೆ ಹೊರಿಸಿದ ತಪ್ಪು

ಇದನ್ನು ಹೇಳಿಬಿಡಬೇಕು ಎಂದುಕೊಂಡು ಮುಂದೂಡುತ್ತಲೇ ಬಂದಿದ್ದೇನೆ. ಮೊದಲು ಮದುವೆ ಮುಗಿಯಲಿ ಅಂದುಕೊಂಡೆ. ಮುಗಿಯಿತು. ಬೀಗರ ಕೋಪ ಇಳಿಯಲಿ ಅಂದುಕೊಂಡೆ. ಇಳಿಯಿತು. ಆಷಾಢಕ್ಕೆ ತವರಿಗೆ ಬಂದ ಹುಡುಗಿ ಗಂಡನ ಮನೆಗೆ ವಾಪಸ್ ಹೋಗಲಿ ಅಂದುಕೊಂಡೆ. ಅವಳೂ ಹೋದಳು. ಈಗ ಹೇಳದೆ ಇರುವುದಕ್ಕೆ ನನ್ನ ಬಳಿ ನೆಪ ಉಳಿದಿಲ್ಲ.

ನಂಜನಗೂಡಿನ ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ, ಗೃಹಪ್ರವೇಶ, ತಿಥಿ, ಯಾವ ಕಾರ್ಡೇ ಆಗಲಿ ಕಂಪ್ಯೂಟರಿನಲ್ಲಿ ಜೋಡಿಸಿ ಪ್ರೆಸ್ಸಿಗೆ ಕಳಿಸುವುದು ನನ್ನ ಕೆಲಸ. ನಡುವೆ ಜೆರಾಕ್ಸ್. ಓದಿದ್ದು ಎಸ್ಸೆಸ್ಸೆಲ್ಸಿ. ಕಂಪ್ಯೂಟರಿನಲ್ಲಿ ಇದ್ದ ಸಾಫ್ಟ್‌ವೇರೆಲ್ಲ ಯಾರೋ ಮೈಸೂರಿನಿಂದ ತಂದುಕೊಟ್ಟ ಸಿ.ಡಿ.ಯಿಂದ ಹಾಕಿಕೊಂಡಿದ್ದು. ಈ ಕಸುಬಿನಲ್ಲಿ ನಾನು ಕಂಡ ಯಾರೂ ಅದಕ್ಕೆ ದುಡ್ಡು ಕೊಟ್ಟವರಲ್ಲ. ಅದು ಕಳ್ಳತನ ಅಂತ ಆಗ ನನಗೆ ಅನ್ನಿಸಿಯೂ ಇರಲಿಲ್ಲ.

ಒಂದು ದಿನ ತೆರೆಯ ಮೇಲೆ ನೋಟಿಸಿನಂತೆ ಒಂದು ಸಂದೇಶ ಬರತೊಡಗಿತು. ಹಳೆಯ ವಿಂಡೋಸಿಗೆ ಇನ್ನು ಮುಂದೆ ರಕ್ಷಣೆ ಇಲ್ಲ, ಹೊಸದನ್ನು ಹಾಕಿಕೊಳ್ಳಲು ನಿಮ್ಮ ಕಂಪ್ಯೂಟರಿಗೆ ಯೋಗ್ಯತೆ ಇಲ್ಲ ಎಂಬ ಅರ್ಥದ ಮಾತು. ಚೆನ್ನಾಗಿ ಓಡುತ್ತಿದ್ದ ಯಂತ್ರ. ಟಿ. ನರಸೀಪುರದಲ್ಲಿದ್ದ ನನ್ನ ಗೆಳೆಯನಿಗೆ ಫೋನ್ ಮಾಡಿದೆ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವನು ನೀರಾವರಿ ಇಲಾಖೆಯಲ್ಲಿ ಟೈಪಿಸ್ಟಾಗಿದ್ದು ನಿವೃತ್ತನಾದ ಮೇಲೆ ವಿಂಡೋಸಿನ ಬದಲು ಪುಕ್ಕಟೆ ಹಾಕಿಕೊಳ್ಳಬಹುದಾದ ಲಿನಕ್ಸ್ ಎಂಬುದರ ಹುಚ್ಚು ಹಿಡಿಸಿಕೊಂಡಿದ್ದ. ಊರಿನವರ ಹಳೇ ಕಂಪ್ಯೂಟರುಗಳನ್ನೆಲ್ಲ ಬಿಚ್ಚಿ, ಧೂಳು ಊದಿ, ಅದನ್ನೇ ಹಾಕಿಕೊಡುತ್ತಿದ್ದ. ಮರುದಿನವೇ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿ ಬಂದ.

"ಎಷ್ಟು ಕೊಡ್ಬೇಕ್ಲಾ ಇದಕ್ಕೆ?" ಅಂದೆ.

"ಏನೂ ಬ್ಯಾಡ."

"ಬಿಟ್ಟಿ ಮಾಡಿಕೊಡೋರೂ ನಿನ್ನಂಗೆ ಕ್ಯಾಮೆ ಇಲ್ದೋರಾ?"

"ನಿನ್ನ ಕದ್ದ ಸಿ.ಡಿ.ಗಿಂತ ವಾಸಿ ಸುಮ್ಕಿರು. ಇದು ಯಾರಪ್ಪನ ಆಸ್ತೀನೂ ಅಲ್ಲ ಕಣ್ಲಾ. ತಪ್ಪಿದ್ರೆ ಎಲ್ರೆದ್ರುಗೂ ಬರ್ದು ಮಡಗ್ತಾರೆ, ಆಮೇಲೆ ಸರಿ ಮಾಡ್ತಾರೆ. ನಿನ್ನಂಗೆ ಮುಚ್ಚಾಕಲ್ಲ."

ಆ ಮಾತಿಗೆ ಇಬ್ಬರೂ ನಕ್ಕೆವು.

ಕಾರ್ಡು ಜೋಡಿಸುವ ಉಚಿತ ಸಾಫ್ಟ್‌ವೇರನ್ನೂ ಅವನೇ ಹಾಕಿಕೊಟ್ಟ. ಹಿಂದೆ ಇದರಲ್ಲಿ ಕನ್ನಡ ಕೂರುತ್ತಿರಲಿಲ್ಲವಂತೆ. ಹೊಸ ಆವೃತ್ತಿಯಲ್ಲಿ ಅಕ್ಷರ ಮುತ್ತಿನಂತೆ ಬರುತ್ತಿತ್ತು, ಪ್ರೆಸ್ಸಿನವರು ಕೇಳುವ ಬಣ್ಣವೂ ಸರಿಯಾಗಿ ಹೋಗುತ್ತಿತ್ತು. ಅದೇ ಹೊತ್ತಿಗೆ ಅವನ ತಂಗಿಯ ಮಗಳಿಗೆ ಬನ್ನೂರಿನ ಕಡೆ ಗಂಡು ಗೊತ್ತಾಯಿತು. ತಂಗಿ ಇರುವುದು ಹುಲ್ಲಹಳ್ಳಿಯಲ್ಲಿ. "ಕಾರ್ಡು ನಂದೇ. ಇದ್ರಲ್ಲೇ ಮಾಡೋದು" ಎಂದು ಹಟ ಹಿಡಿದು, ನನ್ನ ಅಂಗಡಿಯಲ್ಲಿ ಕೂತು ಅವನೇ ಜೋಡಿಸಿದ. ಸೋದರಮಾವನ ಉಡುಗೊರೆ ಇದು ಎಂದು ಬಂದವರಿಗೆಲ್ಲ ತೋರಿಸಿದ. ಎರಡೂ ಕಡೆಯವರು ಪ್ರೂಫ್ ನೋಡಿ ಒಪ್ಪಿದರು.

ಪ್ರೂಫ್ ಒಪ್ಪಿದ ಮೇಲೆ ಅದನ್ನು ಮುಟ್ಟಬಾರದು. ನನ್ನ ಅಂಗಡಿಯ ಗೋಡೆಯಲ್ಲೇ ಹಾಗೆಂದು ಬೋರ್ಡಿದೆ. ಆದರೆ ಕಾರ್ಡಿನ ಅಂಚು ಕತ್ತರಿಸಲು ಕೆಳಗೆ ಜಾಗ ಸಾಲದು, ಸ್ವಲ್ಪ ಮೇಲೆ ಸರಿಸಿ ಎಂದು ಪ್ರೆಸ್ಸಿನಿಂದ ಫೋನ್ ಬಂತು. ಗೆಳೆಯ ಊರಿಗೆ ಹೋಗಿದ್ದ. ನಾನೇ ಫೈಲು ತೆಗೆದೆ. ಗಂಡಿನ ಕಡೆಯವರ ಹೆಸರುಗಳಲ್ಲಿ ಕೊನೆಯ ಸಾಲನ್ನು ಕತ್ತರಿಸಿದೆ, ಮೇಲೆ ಅಂಟಿಸೋಣ ಅಂತ. ಅಷ್ಟರಲ್ಲಿ ಯಾರೋ ಪಹಣಿ ಜೆರಾಕ್ಸಿಗೆ ಬಂದರು. ಎದ್ದು ಹೋಗಿ ಬಂದು ಕೂತವನು, ಜಾಗ ಸರಿಯಾಗಿದೆಯಲ್ಲ ಎಂದು ಹಾಗೇ ಕಳಿಸಿಬಿಟ್ಟೆ. ಆ ಕೊನೆಯ ಸಾಲಿನಲ್ಲಿ ಇದ್ದದ್ದು ಗಂಡಿನ ಸೋದರಮಾವನ ಹೆಸರು.

ನಮ್ಮ ಕಡೆ ಕಾರ್ಡಿನಲ್ಲಿ ಹೆಸರಿಲ್ಲ ಅಂದರೆ ನೀನು ಬರಬೇಡ ಅಂದ ಹಾಗೆ. ಅದೂ ಸೋದರಮಾವನ ಹೆಸರು. ಕಾರ್ಡು ಹಂಚಿ ಆದ ಮೇಲೆ ಬನ್ನೂರಿನಿಂದ ಮಾತು ಬಂತು. ಹುಡುಗಿಯ ಅಪ್ಪ, ಅವಳ ತಾಯಿ, ನನ್ನ ಗೆಳೆಯ ಮೂವರೂ ಅಂಗಡಿಗೆ ಬಂದರು. ಅವಳಪ್ಪ ಕಾರ್ಡನ್ನು ನನ್ನ ಮೇಜಿನ ಮೇಲೆ ಹಾಕಿದ. ಅದು ಬಿದ್ದ ಕೂಡಲೇ ನನಗೆ ಎಲ್ಲ ನೆನಪಾಯಿತು. ಪ್ರೆಸ್ಸಿನ ಫೋನು, ಜೆರಾಕ್ಸಿಗೆ ಬಂದವನು, ಎಲ್ಲ.

"ಏನ್ ಸಾ ಇದು? ಪ್ರೂಫಲ್ಲಿ ಇದ್ದಿದ್ದು ಎಲ್ಲೋಯ್ತು?" ಅಂದ.

ಅಂಗಡಿಯಲ್ಲಿ ಬೇರೆ ಗಿರಾಕಿಗಳೂ ಇದ್ದರು. ಅದು ಮದುವೆಯ ಸೀಸನ್ನು. ನಾನು ಕಂಪ್ಯೂಟರಿನ ಕಡೆ ಕೈ ತೋರಿಸಿದೆ.

"ನನ್ನ ಹಳೇದ್ರಲ್ಲಿ ಯಾವತ್ತೂ ಇಂಗಾಗಿರ್ಲಿಲ್ಲ ಕಣ್ರೀ. ನಿಮ್ಮ ಭಾವಮೈದನ ಬಿಟ್ಟಿ ಸಾಫ್ಟ್‌ವೇರು ನುಂಗಾಕ್ಬುಡ್ತು."

ತಂಗಿ ಅಣ್ಣನ ಕಡೆ ತಿರುಗಿದಳು. "ಬ್ಯಾಡ ಬ್ಯಾಡ ಅಂದ್ರೂ ಕೇಳ್ದೆ, ನಿನ್ನ ಚಪಲಕ್ಕೆ ನನ್ನ ಮಗಳ ಮದುವೇನೇ ಬೇಕಿತ್ತಾ ಅಣ್ಣಯ್ಯ?"

ಅವನು ನನ್ನನ್ನು ನೋಡಿದ. ಅನುಮಾನದಿಂದ ನೋಡಿದ್ದರೆ ನಾನು ಅಲ್ಲೇ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಅವನ ಮುಖದಲ್ಲಿ ಅನುಮಾನವೇ ಇರಲಿಲ್ಲ. "ಇರ್ಬೋದವ್ವ. ಹೊಸ ಆವೃತ್ತಿ. ನಂದೇ ತಪ್ಪು" ಅಂದ. ಹಣ್ಣು, ಎಲೆಅಡಿಕೆ ತೆಗೆದುಕೊಂಡು ಬನ್ನೂರಿಗೆ ಹೋಗಿ, ತನಗಿಂತ ಚಿಕ್ಕವನಾದ ಆ ಗಂಡಿನ ಸೋದರಮಾವನಿಗೆ ಕೈಮುಗಿದು ಬಂದ. ಧಾರೆಗೆ ಅವರು ಬಂದರು. ನನ್ನ ಗೆಳೆಯ ಮಾತ್ರ ತನ್ನ ತಂಗಿಯ ಮಗಳ ಮದುವೆಯಲ್ಲಿ ಊಟದ ಮನೆಯ ಕಡೆಯೇ ಓಡಾಡಿಕೊಂಡಿದ್ದ. ಮಂಟಪದ ಹತ್ತಿರ ಬರಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಹೇಗೋ ನುಂಗಿಕೊಂಡಿರುತ್ತಿದ್ದೆ. ಮದುವೆ ಕಳೆದ ಮೇಲೆ ಅವನು ಫೋನ್ ಮಾಡಿದ.

"ಆ ಫೈಲು ಒಸಿ ಕಳ್ಸು ಕಣ್ಲಾ. ಸಾಫ್ಟ್‌ವೇರ್ ಮಾಡೋರಿಗೆ ಬರ್ದಿದ್ದೀನಿ, ಇಂಗಿಂಗೆ ಸಾಲು ನುಂಗ್ತದೆ ಅಂತ. ಅವ್ರು ಫೈಲ್ ಕೇಳ್ತಾವ್ರೆ."

ತಪ್ಪು ಕಂಡರೆ ಬರೆದು ತಿಳಿಸಬೇಕು, ಅದು ಎಲ್ಲರಿಗೂ ಕಾಣುವ ಜಾಗದಲ್ಲಿ ಇರುತ್ತದೆ, ಅದೇ ಈ ಜನರ ಪದ್ಧತಿ. ಅವನಿಗೆ ಬರುತ್ತಿದ್ದದ್ದು ಕಚೇರಿಯ ಇಂಗ್ಲಿಷು. ಮೊಬೈಲಿನಲ್ಲಿ ಅನುವಾದ ಮಾಡಿಸಿ, ತಿದ್ದಿ, ಕಷ್ಟಪಟ್ಟು ಬರೆದಿದ್ದ. ನಾನು ಫೈಲು ಅಳಿಸಿಹೋಗಿದೆ ಎಂದು ಹೇಳಿ, ಫೋನ್ ಇಟ್ಟ ಮೇಲೆ ಅಳಿಸಿದೆ. ಹೇಳಿದ್ದು ಸುಳ್ಳಾಗಬಾರದಲ್ಲ.

ಫೈಲು ಇಲ್ಲದಿದ್ದರೂ ಅವರು ಬಿಡಲಿಲ್ಲ. ಯಾವುದೋ ದೇಶದಲ್ಲಿ ಕೂತವರು, ಸಂಬಳವಿಲ್ಲದೆ ಮಾಡುವವರು, ಕನ್ನಡದ ಉದ್ದುದ್ದ ಹೆಸರುಗಳನ್ನು ಹಾಕಿ, ಚೌಕಟ್ಟು ಹಿಗ್ಗಿಸಿ, ಕುಗ್ಗಿಸಿ ನೋಡಿದರಂತೆ. ಅವರು ಮಾಡಿದ ಒಂದೊಂದು ಪರೀಕ್ಷೆಯನ್ನೂ ಅವನು ಫೋನಿನಲ್ಲಿ ನನಗೆ ಓದಿ ಹೇಳುತ್ತಿದ್ದ. ನಾನು ಹೂಂಗುಟ್ಟುತ್ತಿದ್ದೆ. ಕೊನೆಗೆ, ನಮ್ಮಲ್ಲಿ ಹೀಗೆ ಆಗುತ್ತಿಲ್ಲ, ಮತ್ತೆ ಆದರೆ ದಯವಿಟ್ಟು ತಿಳಿಸಿ ಎಂದು ಬರೆದು ಅವನ ದೂರನ್ನು ಮುಚ್ಚಿದರು.

"ನಾನು ಸುಳ್ಳು ಯೋಳ್ದೆ ಅಂದ್ಕೊಂಡ್ರೇನೋ ಕಣ್ಲಾ" ಅಂದ ಅವನು. ಅವನ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ನರಸೀಪುರದಲ್ಲಿ ಸ್ಕೂಲಿಗೆ, ಸಂಘಗಳಿಗೆ ಅವನು ಖುಷಿಯಿಂದ ಮಾಡಿಕೊಡುತ್ತಿದ್ದ ಕೆಲಸ ಈಗ ನಿಂತಿದೆ. ಯಾರಾದರೂ ಕಂಪ್ಯೂಟರ್ ತಂದರೆ, "ಬ್ಯಾರೆ ಯಾರಿಗಾರ ತೋರ್ಸಪ್ಪ, ನನ್ನ ನಂಬ್ಕೊಂಡು ಕೆಡಬ್ಯಾಡ" ಅನ್ನುತ್ತಾನಂತೆ. ನಾನೋ, ಅದೇ ಸಾಫ್ಟ್‌ವೇರಿನಲ್ಲಿ ದಿನಾ ಕಾರ್ಡು ಮಾಡುತ್ತಿದ್ದೇನೆ. ಒಂದು ಅಕ್ಷರವೂ ಬಿದ್ದಿಲ್ಲ.

ಮೊನ್ನೆ ಅದರ ಹೊಸ ಆವೃತ್ತಿ ಬಂತು. ಏನೇನು ಸರಿಪಡಿಸಿದ್ದಾರೆ ಎಂದು ಅವರು ಹಾಕಿದ್ದನ್ನೆಲ್ಲ ಅವನು ಓದಿದ್ದಾನೆ. "ನಮ್ದು ಅದ್ರಲ್ಲಿಲ್ಲ ಕಣ್ಲಾ. ಮುಂದಿನ ಸರ್ತಿ ಬರ್ಬೋದು" ಅಂದ. ಬರ್ತದೆ ಬುಡು, ಅಂದೆ ನಾನು. ಇಲ್ಲದ ತಪ್ಪನ್ನು ಯಾರು ಸರಿ ಮಾಡುತ್ತಾರೆ. ಅವನು ಇನ್ನೂ ಎಷ್ಟು ಆವೃತ್ತಿ ಕಾಯುತ್ತಾನೋ.

ಈ ನಡುವೆ ಬನ್ನೂರಿಗೆ ಹೋಗಿ ಗಂಡಿನ ಸೋದರಮಾವನ ಮುಂದೆ ಅಂಗಡಿಯ ಕಡೆಯಿಂದ ತಪ್ಪಾಯಿತು ಎಂದು ಹೇಳಿಬಂದೆ. ಹುಡುಗಿಯ ತಂದೆತಾಯಿಗೂ ಹಾಗೇ ಹೇಳಿದೆ. ಅಂಗಡಿ ಅಂದೆ, ನಾನು ಅನ್ನಲಿಲ್ಲ. ಅಂಗಡಿಯ ಕಂಪ್ಯೂಟರಿನ ತಪ್ಪು ಅಂತಲೇ ಅವರು ತಿಳಿದುಕೊಂಡರು. ಅವರು ದೊಡ್ಡ ಮನಸ್ಸು ಮಾಡಿ ಕಾಫಿ ಕೊಟ್ಟರು. ಇಂದಿನವರೆಗೂ ನಾನು ಕ್ಷಮೆ ಕೇಳದೆ ಉಳಿದಿರುವುದು ಒಬ್ಬನನ್ನು: ನರಸೀಪುರದಲ್ಲಿರುವ, ನನ್ನ ಮಾತನ್ನು ನಂಬಿ ತನ್ನನ್ನೇ ನಂಬದಂತಾದ, ನನ್ನ ಬೆಂಚಿನ ಗೆಳೆಯನನ್ನು.