ಆರು ಅಂದಳೋ, ಹಾರು ಅಂದಳೋ

ಸ್ಕ್ರೂಡ್ರೈವರ್ ಹುಡುಕುತ್ತ ಅಡಿಗೆಮನೆಯ ಡ್ರಾಯರಿಗೆ ಕೈಹಾಕಿದರೆ ತುಕ್ಕು ಹಿಡಿದ ಪುಟ್ಟ ಚಾವಿಯೊಂದು ಸಿಕ್ಕಿತು. ಯಾವ ಬೀಗದ್ದೂ ಅಲ್ಲ. ನಾನು ಹುಡುಗಿಯಾಗಿದ್ದಾಗಿನ ರೋಲರ್ ಸ್ಕೇಟಿನದು. ಅದರ ಕಬ್ಬಿಣದ ತಳವನ್ನು ಪಾದದ ಅಳತೆಗೆ ಎಳೆದು ಬಿಗಿಯಲು ಬೇಕಾಗುತ್ತಿತ್ತು. ಯಜಮಾನರಿಗೆ ತೋರಿಸೋಣವೆಂದು ಹಾಲಿಗೆ ಬಂದೆ. ಅವರು ಎಂದಿನಂತೆ ನೆಲದ ಮೇಲೆ ಮಲಗಿ, ಬಾಗಿಲಿನಿಂದ ಟೀಪಾಯಿಯವರೆಗೂ ಕಾಲು ಚಾಚಿ ಕ್ರಿಕೆಟ್ ನೋಡುತ್ತಿದ್ದರು. ನಾನೂ ಎಂದಿನಂತೆ ಟೀಪಾಯಿ ಸುತ್ತಿಕೊಂಡು ಹೋದೆ. ಮದುವೆಯಾದಂದಿನಿಂದ ಹೀಗೇ ಸುತ್ತುತ್ತಿದ್ದೇನೆ. ಹಾಸನದ ರಿಂಗ್ ರೋಡು ಕೂಡ ಇಷ್ಟು ಸುತ್ತುಹಾಕುವುದಿಲ್ಲ.

ತೊಂಬತ್ತರ ದಶಕ. ಅಪ್ಪ ರಾಮನಾಥಪುರದಲ್ಲಿ ಮೇಷ್ಟ್ರು. ಚನ್ನರಾಯಪಟ್ಟಣದ ಅತ್ತೆಯ ಮಗನಿಗೆ ಆಟ ಬೇಸರವಾಗಿ ಅವನ ಸ್ಕೇಟ್ ನನ್ನ ಪಾಲಿಗೆ ಬಂತು. ಆದರೆ ಓಡಿಸುವುದೆಲ್ಲಿ? ನಮ್ಮ ಬೀದಿಯಲ್ಲಿ ಎತ್ತಿನ ಗಾಡಿಯೇ ಎಡವುತ್ತಿತ್ತು. ದಾರಿ ತೋರಿಸಿದವಳು ಗೆಳತಿ ಶೋಭ, ಹೊಗೆಸೊಪ್ಪು ಬೆಳೆಯುವವರ ಮಗಳು. "ಸೊಪ್ಪು ಆಕೋ ಗೋಡೌನ್ ಐತಲ್ಲಮ್ಮಿ, ನೆಲ ಕನ್ನಡಿ ಅಂಗೈತೆ, ಬಾ." ಹರಾಜು ಮುಗಿದ ಬೇಸಿಗೆಯಲ್ಲಿ ಗೋಡೌನು ಖಾಲಿ, ಸೊಪ್ಪಿನ ಘಾಟು ಮಾತ್ರ ಉಳಿದಿರುತ್ತಿತ್ತು. ಕಾವಲಿಗೆ ನಿಂಗಯ್ಯ ಎಂಬ ಮುದುಕ. ಆತ ಕಾಯುತ್ತಿದ್ದದ್ದು ಮುಖ್ಯವಾಗಿ ತನ್ನ ನಿದ್ದೆಯನ್ನು.

ನುಣ್ಣನೆಯ ನೆಲದ ಮೇಲೆ ಸುಮ್ಮನೆ ಉರುಳುವುದು ಬಹುಬೇಗ ಬೇಸರವಾಯಿತು. ಮಜವಿರುವುದು ಅಡ್ಡಿಯಲ್ಲಿ ಎಂದು ನಮಗೆ ಹೊಳೆಯಿತು. (ಮುಂದೆ ಯೂನಿವರ್ಸಿಟಿಯಲ್ಲಿ ಪ್ರೊಫೆಸರೊಬ್ಬರು ಇದನ್ನೇ ವರ್ಷಪೂರ್ತಿ ಹೇಳಿದರು, ಅದೂ ಕುರ್ಚಿಯಲ್ಲಿ ಕೂತು.) ಮೊದಲು ನೆಲದ ಬಿರುಕು. ಆಮೇಲೆ ತೂಕದ ಯಂತ್ರದ ತಗಡು. ಅದರ ಮೇಲೆ ಹಾದರೆ ಹಲ್ಲು, ಹೊಟ್ಟೆ ಎಲ್ಲ ಗಡಗಡ. ಮೂರನೆಯದು ಇಟ್ಟಿಗೆಗೆ ಓರೆಯಾಗಿ ಒರಗಿಸಿದ ಹಲಗೆ. ಇಳಿಯುವಾಗ ಲಂಗಕ್ಕೆ ಗಾಳಿ ತುಂಬಿ ನಾನೊಂದು ಕೊಡೆಯಾಗುತ್ತಿದ್ದೆ. ನಾಲ್ಕನೆಯದು ಗೋಣಿತಾಟಿನ ಸುರುಳಿ. ಐದನೆಯದು ಕಂಬ, ಅಪ್ಪಿಕೊಂಡು ಗಿರ್ರನೆ ತಿರುಗಬೇಕು. ಆರನೆಯದು ಮಲಗಿರುವ ನಿಂಗಯ್ಯನ ಕಾಲು. ಅದನ್ನು ಮಾತ್ರ ಸುತ್ತಿಕೊಂಡು ಹೋಗಬೇಕೆಂಬುದು ನಿಯಮ. ಇದ್ದದ್ದು ಒಂದೇ ಜೊತೆ ಸ್ಕೇಟ್; ಒಬ್ಬಳು ಓಡುವಾಗ ಇನ್ನೊಬ್ಬಳು ಅಡ್ಡಿಗಳನ್ನು ಕೂಗಿ ಎಣಿಸುತ್ತಿದ್ದಳು.

ಒಂದು ಮಧ್ಯಾಹ್ನ ಕಂಬ ಬಿಟ್ಟು ತಿರುಗಿದ್ದೆ. ಶೋಭ ಕೂಗಿದಳು: "ಆರು!"

ನಾನು ಹಾರಿದೆ.

ತಪ್ಪು ಯಾರದು, ನೀವೇ ಹೇಳಿ. ಶೋಭಳ ಬಾಯಲ್ಲಿ ಹಾಲು ಆಲು, ಹಾಸನ ಆಸನ. ಮೇಷ್ಟ್ರ ಮಗಳಾದ ನನಗೆ ತಿದ್ದುವ ಚಾಳಿ. ಅವಳು ಬಿಟ್ಟ ಹಕಾರವನ್ನು ನನ್ನ ಕಿವಿ ತಾನೇ ಸೇರಿಸಿಕೊಂಡಿತು. ಆಚೆ ಕಡೆ ಆತ ಇಟ್ಟುಕೊಂಡಿದ್ದ ನೀರಿನ ಬಕೆಟ್ಟಿನೊಂದಿಗೆ ನೆಲಕ್ಕೆ ಬಿದ್ದೆ. ನಿಂಗಯ್ಯ ಧಡಕ್ಕನೆ ಎದ್ದು ಕೂತ.

"ಯಾವಳವ್ವಾ, ನನ್ ಮ್ಯಾಲೆ ಲಾರಿ ಬುಟ್ಟೋಳು? ಮನಗಿದ್ದೋರ್ನ ದಾಟ್ಬುಟ್ಟಲ್ಲ, ನಾನಿನ್ನು ಬೆಳ್ಯಾಕಿಲ್ಲ! ವಾಪಸ್ ದಾಟು."

ಆತನಿಗೆ ಆಗಲೇ ಮೊಮ್ಮಕ್ಕಳಿದ್ದರು. "ಇನ್ನೂ ಎಲ್ಲೀಗಂಟ ಬೆಳೀಬೇಕು ತಾತ?" ಎಂದಳು ಶೋಭ.

"ಅದು ನನ್ನಿಷ್ಟ ಕಣಮ್ಮಿ. ಆ ಚಕ್ರ ಬಿಚ್ಚಾಕಿ ದಾಟು," ಎಂದು ಮತ್ತೆ ಮಲಗಿ, ನಂಬಿಕೆಯಿಂದ ಕಣ್ಣು ಮುಚ್ಚಿದ. ದಾಟಿದೆ.

ನನ್ನ ಬದುಕಿನ ಏಕೈಕ ಸಾಹಸವೆಂದು ಈ ಕತೆಯನ್ನು ಹಾಸ್ಟೆಲಿನಲ್ಲಿ, ಆಫೀಸಿನಲ್ಲಿ ಹೇಳಿಕೊಂಡು ಬಂದಿದ್ದೇನೆ. ಹೇಳಿದಷ್ಟೂ ನಿಂಗಯ್ಯ ದಪ್ಪವಾಗಿದ್ದಾನೆ. ಆದರೆ ಚಾವಿ ಕೈಯಲ್ಲಿ ಹಿಡಿದು ನಿಂತಾಗ ಹಳೆಯ ಅನುಮಾನ ಮತ್ತೆ ಕುಟುಕಿತು. ಶೋಭ ಅವತ್ತು ಬರೀ ಎಣಿಸಿದ್ದರೆ? ಆಗ ನಾನು ಧೈರ್ಯವಂತೆಯಲ್ಲ, ಕಿವಿ ಸರಿಯಿಲ್ಲದವಳು, ಅಷ್ಟೆ. ಅರಕಲಗೂಡಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಶೋಭಳಿಗೆ ಫೋನ್ ಮಾಡಿದೆ.

"ಅವತ್ತು ಗೋಡೌನಲ್ಲಿ ಏನಂತ ಕೂಗಿದ್ದೆ?"

"ಆರು ಅಂದೆ."

"ಯಾವ ಆರು? ಐದಾದ ಮೇಲೆ ಬರೋದಾ, ಹಕ್ಕಿ ಹಾರೋದಾ?"

"ಆರು ಅಂದೆ ಕಣಮ್ಮಿ! ಇಷ್ಟು ಓದಿದ್ದೀಯ, ಅಷ್ಟೂ ಗೊತ್ತಾಗಾಕಿಲ್ವಾ?"

ಅವಳಿಗೆ ಅವು ಎರಡು ಬೇರೆ ಬೇರೆ ಪದಗಳೇ. ವ್ಯತ್ಯಾಸ ಕೇಳಿಸದೆ ಇದ್ದದ್ದು ನನಗೆ ಮಾತ್ರ.

"ಅದ್ ಬುಡು," ಎಂದಳು. "ತಾತ ಚಕ್ರ ಬಿಚ್ಚಾಕು ಅಂದ್ರೂ ಕೇಳ್ದೆ, ಅಷ್ಟು ದೂರದಿಂದ ಓಡ್ಬಂದು ಇನ್ನೊಂದ್ ಕಿತ ಆರಿದ್ಯಲ್ಲ, ಯಾವ್ ದೆವ್ವ ಮೆಟ್ಕಂಡಿತ್ತು ನಿಂಗೆ? ಆವಾಗ ನಾನು ಬಾಯೇ ಬುಟ್ಟಿಲ್ಲ."

ನನ್ನ ನೆನಪಿನಲ್ಲಿ ಸ್ಕೇಟ್ ಕೈಯಲ್ಲಿದೆ, ಬರಿಗಾಲಿಗೆ ನೆಲ ತಣ್ಣಗಿದೆ. ಇಬ್ಬರಲ್ಲಿ ಒಬ್ಬರ ನೆನಪು ಸುಳ್ಳು. ಅದು ನನ್ನದೇ ಆಗಿರಲಿ ಎಂದು ಆಸೆಯಾದದ್ದು ಇದೇ ಮೊದಲು.

ಫೋನಿಟ್ಟು, ಒಂದು ಲೋಟ ಕಾಫಿ ಬಗ್ಗಿಸಿಕೊಂಡು ಹಾಲಿಗೆ ಬಂದೆ. ಯಜಮಾನರ ಕಾಲುಗಳು ಅಲ್ಲೇ ಇದ್ದವು. ಟೀಪಾಯಿಯ ಕಡೆ ತಿರುಗಿದ್ದ ಪಾದ ಒಂದು ಕ್ಷಣ ನಿಂತಿತು. ಯಾರೂ ಏನೂ ಕೂಗಲಿಲ್ಲ. ಇನ್ನೊಂದು ಕೈಯಲ್ಲಿ ಸೀರೆ ಎತ್ತಿಹಿಡಿದು ಹಾರಿದೆ.

"ಏಯ್! ಮಲಗಿರೋರನ್ನ ದಾಟ್ತಾರೇನೇ? ವಾಪಸ್ ದಾಟು!"

"ಇರ್ರೀ," ಎಂದು ಆಚೆ ಬದಿಯ ಕುರ್ಚಿಯಲ್ಲಿ ಕೂತೆ, "ಕಾಫಿ ಕುಡಿದು ಹಾರ್ತೀನಿ."