ಮೂವತ್ತು ಸರಪಳಿಯ ವ್ಯೋಮನೌಕೆ

ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ನಿಮ್ಮ ಉದ್ಯೋಗವೇನೆಂದು ಕೇಳಿದರೆ, ಸರ್ಕಾರಿ ನೌಕರ ಎಂದಷ್ಟೇ ಹೇಳಿ ಸಾರಿನ ಕಡೆಗೆ ಗಮನ ತಿರುಗಿಸುವುದು ಕ್ಷೇಮ ಎಂಬ ಜ್ಞಾನ ನನಗೆ ಬಂದದ್ದು ತೀರಾ ತಡವಾಗಿ. ಸರ್ವೆಯರ್ ಎಂದು ಬಾಯಿ ತಪ್ಪಿ ಅಂದಿರೋ, ಹೋಳಿಗೆ ಬರುವಷ್ಟರಲ್ಲಿ ಅವರ ದಾಯಾದಿಯ ಬದು, ಬದುವಿನ ಮೇಲಿನ ಹುಣಸೆಮರ, ಆ ಮರದ ನೆರಳು ಯಾರ ಹೊಲಕ್ಕೆ ಸೇರಿದ್ದೆಂಬ ತಕರಾರು, ಎಲ್ಲವೂ ನಿಮ್ಮ ಎಲೆಯ ಮೇಲೆ ಬಿದ್ದಿರುತ್ತವೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂದು ಮೂರು ತಾಲ್ಲೂಕುಗಳ ಮಣ್ಣನ್ನು ಇಪ್ಪತ್ತು ವರ್ಷ ತುಳಿದು ನಾನು ಕಂಡುಕೊಂಡ ಸತ್ಯವಿಷ್ಟೇ: ನಮ್ಮ ಭಾಷೆಯಲ್ಲಿ ಅಳೆಯುವುದಕ್ಕೂ ಅಳುವುದಕ್ಕೂ ಒಂದು ಕೊಂಬಿನ ಅಂತರ ಮಾತ್ರ. ನಾನು ಅಳೆದ ಕಡೆಯಲ್ಲೆಲ್ಲ ಒಬ್ಬರಲ್ಲ ಒಬ್ಬರು ಅತ್ತಿದ್ದಾರೆ.

ಇಂಥ ಮನುಷ್ಯ ಭಾನುವಾರ ಬಂದರೆ ಕಾಲು ಚಾಚಿ ಮಲಗಬೇಕು. ನಾನು ಮಾತ್ರ ಭಾನುವಾರಗಳಲ್ಲಿ ಇಲ್ಲದ ಹಡಗೊಂದನ್ನು ಅಳೆಯುತ್ತಿದ್ದೆ ಎಂದರೆ, ಓದುಗ ಮಹಾಶಯರೇ, ತಾವು ನಗಬಹುದು. ನನ್ನ ಹೆಂಡತಿ ಶಾರದೆ ನಕ್ಕು ನಕ್ಕು ಕೊನೆಗೆ ಅದನ್ನೂ ಬಿಟ್ಟಿದ್ದಳು.

ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಯೊಳಗೇ ಇದ್ದ ಕಾಲ. ಶಿಡ್ಲಘಟ್ಟದ ನಮ್ಮ ಬಾಡಿಗೆ ಮನೆಗೆ ಕೇಬಲ್ ಬಂದಿತ್ತು. ಕೇಬಲ್ಲಿನಲ್ಲಿ ಭಾನುವಾರ ಮಧ್ಯಾಹ್ನ ಇಂಗ್ಲಿಷ್ ಧಾರಾವಾಹಿಯೊಂದು ಬರುತ್ತಿತ್ತು. ಅದರಲ್ಲಿ ಮನುಷ್ಯರು ದೊಡ್ಡದೊಂದು ವ್ಯೋಮನೌಕೆಯಲ್ಲಿ ಕುಳಿತು ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುತ್ತ, ಹೋದಲ್ಲೆಲ್ಲ ಜಗಳ ಬಿಡಿಸುತ್ತಿದ್ದರು. ಅದನ್ನು ನೋಡಲು ಜಂಗಮಕೋಟೆಯ ಕಡೆಯಿಂದ ಬಸ್ಸು ಹಿಡಿದು ಬರುತ್ತಿದ್ದವನು ಮುನಿರಾಜು, ನನ್ನ ಹೈಸ್ಕೂಲು ಸಹಪಾಠಿ. ಅವನು ತನ್ನೂರಿನ ಹಾಲಿನ ಡೈರಿಯಲ್ಲಿ ಬೆಳಿಗ್ಗೆ ಸಂಜೆ ಹಾಲಿನ ಡಿಗ್ರಿ ನೋಡಿ ಬರೆದುಕೊಳ್ಳುವ ಕೆಲಸದವನು. ನಾನು ನೆಲ ಅಳೆದು ಬೈಸಿಕೊಳ್ಳುವವ, ಅವನು ಹಾಲು ಅಳೆದು ಬೈಸಿಕೊಳ್ಳುವವ. ಇಬ್ಬರಿಗೂ ವಾರಕ್ಕೊಮ್ಮೆಯಾದರೂ ಯಾರದೂ ಅಲ್ಲದ ಆಕಾಶ ಬೇಕಾಗಿತ್ತು.

ಆದರೆ ಅಳೆಯುವ ಚಟ ಆಕಾಶಕ್ಕೆ ಹೋದರೂ ಬಿಡುವುದಿಲ್ಲ. ಆ ನೌಕೆ ಎಷ್ಟುದ್ದವೆಂದು ಧಾರಾವಾಹಿಯಲ್ಲಿ ಯಾರೂ ಹೇಳಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿಗೆ ಹೋಗಿ ನೋಡಿದರೆ, ಇದೇ ಪ್ರಶ್ನೆಗಾಗಿ ಜಗತ್ತಿನ ಹತ್ತಾರು ದೇಶಗಳ ಜನ ಗಣಕದೊಳಗೆ ಕುಳಿತು ಪರಸ್ಪರರ ಬುದ್ಧಿಮಟ್ಟವನ್ನು ವಿಚಾರಿಸಿಕೊಳ್ಳುತ್ತಿದ್ದರು. ಮುನ್ನೂರು ಮೀಟರ್ ಎನ್ನುವವರದೊಂದು ಪಕ್ಷ, ಆರುನೂರ ನಲವತ್ತು ಎನ್ನುವವರದು ಇನ್ನೊಂದು. ನಾನು ಮುನ್ನೂರರವನಾದೆ, ನೌಕೆಯ ಹೊಟ್ಟೆಯ ಬಳಿಯ ಬಾಗಿಲಲ್ಲಿ ಎರಡು ಮರಿನೌಕೆಗಳು ಅಕ್ಕಪಕ್ಕ ಹಾಯ್ದು ಬರುವ ದೃಶ್ಯವೊಂದಿತ್ತು, ಅದರ ಲೆಕ್ಕ ಹಿಡಿದರೆ ಮುನ್ನೂರಕ್ಕೆ ಮೇಲೆ ಹೋಗದು. ಮುನಿರಾಜು ಆರುನೂರ ನಲವತ್ತರವನಾದ. ಅವನದು ಕಿಟಕಿಗಳ ಸಿದ್ಧಾಂತ. ಸಿ.ಡಿ. ತರಿಸಿ, ಚಿತ್ರವನ್ನು ನಿಲ್ಲಿಸಿ, ನಮ್ಮ ಟೀವಿಯ ಗಾಜಿಗೆ ನನ್ನ ಮಗಳ ಸ್ಕೇಲು ಹಿಡಿದು, ಕಿಟಕಿಯೊಳಗೆ ನಿಂತ ಮನುಷ್ಯನಿಗೆ ಐದೂಮುಕ್ಕಾಲು ಅಡಿ ಎತ್ತರ ದಯಪಾಲಿಸಿ, ಮಹಡಿಗಳನ್ನು ಎಣಿಸಿ ಉದ್ದ ಕಂಡುಹಿಡಿದಿದ್ದ. ಅಷ್ಟಕ್ಕೇ ಮುಗಿಯಲಿಲ್ಲ. ಅಷ್ಟು ದಪ್ಪ ಎಂಜಿನ್ನುಗಳನ್ನು ಅಷ್ಟು ಸಣ್ಣ ತೋಳುಗಳ ಮೇಲೆ ಕೂಡಿಸಿದ ವಿನ್ಯಾಸಕಾರನ ವಿವೇಕ, ಮೂತಿಯಲ್ಲಿ ಚಾಚಿಕೊಂಡ ಕಂಬ ಉದ್ದದ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ಎಂಬ ಜಿಜ್ಞಾಸೆ, ಇವುಗಳಲ್ಲಿ ಎಷ್ಟೋ ಭಾನುವಾರಗಳು ಅಸ್ತಂಗತವಾದವು.

"ಅಲ್ರೀ, ಆ ಹಡಗನ್ನ ನೀವಿಬ್ರೇ ಕಟ್ಬೇಕಾ?" ಎಂದು ಶಾರದೆ ಕಾಫಿಲೋಟ ಇಟ್ಟು ಹೋಗುತ್ತಿದ್ದಳು.

"ಕಟ್ಟೋರು ಕಟ್ಬಿಟ್ಟವ್ರೆ ತಾಯಿ, ನಿಮ್ಮ ಯಜಮಾನ್ರು ಅದನ್ನ ಅರ್ಧ ಕತ್ತರಿಸ್ತಾ ಅವ್ರೆ," ಎನ್ನುತ್ತಿದ್ದ ಮುನಿರಾಜು.

ನಗುವಿನಲ್ಲಿದ್ದ ಜಗಳ ಯಾವಾಗ ಜಗಳವೇ ಆಯಿತೋ ತಿಳಿಯಲಿಲ್ಲ. ಒಂದು ದಿನ ಅವನು ಆ ಗಣಕದ ಚಾವಡಿಯಲ್ಲಿ, 'ನಮ್ಮ ಕಡೆ ಒಬ್ಬ ಸರ್ವೆಯರ್ ಇದ್ದಾನೆ, ಅವನಿಗೆ ಸರಪಳಿಯ ಮೇಲೆ ನಂಬಿಕೆ, ಕಣ್ಣಿನ ಮೇಲೆ ಇಲ್ಲ' ಎಂದು ಬರೆದ. ಯಾರೋ ನಾಲ್ಕು ಪರದೇಶಿಗಳು ನಕ್ಕರು. ನನಗೆ ರೇಗಿತು. ಆ ವಾರವಿಡೀ ಬಿಸಿಲಲ್ಲಿ ಅಲೆದು ಸುಸ್ತಾಗಿದ್ದೆ ಎಂಬುದು ಕಾರಣವಿರಬಹುದು, ಸಮರ್ಥನೆಯಲ್ಲ. 'ತಮ್ಮ ಸ್ವಂತ ಹೊಲದ ಬದು ಉಳಿಸಿಕೊಳ್ಳಲಾಗದವರು ಹಡಗಿನ ಉದ್ದ ಹೇಳಲು ಹೊರಟಿದ್ದಾರೆ' ಎಂದು ಉತ್ತರ ಬರೆದೆ. ಅವನ ತಮ್ಮ ಚಂದ್ರು ರೇಷ್ಮೆಹುಳು ಸಾಕುವ ಮನೆ ಕಟ್ಟುವಾಗ ಅಣ್ಣನ ಪಾಲಿನೊಳಕ್ಕೆ ಗೋಡೆ ತಂದಿದ್ದನೆಂದು, ಬಾಯಿಬಿಟ್ಟು ಕೇಳಲಾಗುತ್ತಿಲ್ಲವೆಂದು ಅವನೇ ನನ್ನೊಬ್ಬನಿಗೆ ಹೇಳಿಕೊಂಡಿದ್ದ ಸಂಗತಿಯದು. ಹದ್ದು ಮೀರಿದವರಿಗೆ ನೋಟೀಸು ಕೊಡುವ ಇಲಾಖೆಯವನೇ ಹದ್ದು ಮೀರಿದ್ದೆ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ನಾನು ಒಂದು ಸಲ ಫೋನೆತ್ತಿ ಇಟ್ಟೆ. ಧಾರಾವಾಹಿ ನಡೆಯುತ್ತಲೇ ಇತ್ತು. ಒಬ್ಬನೇ ನೋಡುವಾಗ ಆ ನೌಕೆ ಮುನ್ನೂರು ಮೀಟರೂ ಇಲ್ಲವೇನೋ ಅನ್ನಿಸುತ್ತಿತ್ತು. ಹೀಗೆ ಒಂದೂವರೆ ವರ್ಷ ಕಳೆಯಿತು. ಅಷ್ಟರಲ್ಲಿ ಕೋಲಾರ ಜಿಲ್ಲೆಯೇ ಎರಡು ಪಾಲಾಗಿ ಚಿಕ್ಕಬಳ್ಳಾಪುರ ಬೇರೆ ಒಲೆ ಹೂಡಿತ್ತು.

ಆ ವರ್ಷವೇ ಅಳತೆಯ ಅರ್ಜಿಗಳ ಕಂತೆಯಲ್ಲಿ ಚಂದ್ರುವಿನ ಹೆಸರು ಕಂಡಿತು. ಅಣ್ಣನಿಗೂ ತನಗೂ ನಡುವಿನ ಗಡಿ ಗುರುತಿಸಿಕೊಡಬೇಕೆಂಬ ಕೋರಿಕೆ. ಗೋಡೆ ತನ್ನ ಪಾಲಿನಲ್ಲೇ ಇದೆಯೆಂಬ ನಂಬಿಕೆ ಅವನದು. ನಾನು ಹಳೆಯ ಸ್ನೇಹಿತ, ಬೇರೆಯವರನ್ನು ಕಳಿಸುವುದು ಒಳ್ಳೆಯದು ಎಂದು ಚಂದ್ರುವಿಗೇ ಹೇಳಿದೆ. ಅವನು ಕೈ ಮುಗಿದ.

"ಬ್ಯಾಡ ಸಾರ್, ನೀವೇ ಬನ್ನಿ. ನೀವೂ ಅಣ್ಣನೂ ಮಾತು ಬಿಟ್ಟಿರೋದು ಊರಿಗೆಲ್ಲ ಗೊತ್ತು. ಅವನ ಕಡೆ ಎಳೆಯಲ್ಲ ನೀವು ಅನ್ನೋ ಧೈರ್ಯ ನಂಗೆ."

ಇಲ್ಲದ ಹಡಗಿನ ಜಗಳ ನನಗೆ ನಿಷ್ಪಕ್ಷಪಾತಿಯೆಂಬ ಬಿರುದು ತಂದಿತ್ತು.

ಅಳತೆಯ ದಿನ ಮುನಿರಾಜು ಹಿಪ್ಪುನೇರಳೆ ಸಾಲುಗಳ ತುದಿಯಲ್ಲಿ ನಿಂತಿದ್ದ. ತಲೆ ಅರ್ಧ ಬೆಳ್ಳಗಾಗಿತ್ತು. ನನ್ನ ಕಡೆ ನೋಡಿ, "ಬಾ" ಎಂದ. ಅದು ನನಗೆ ಹೇಳಿದ್ದೋ ಹಿಂದಿದ್ದ ನಾಯಿಗೋ ಸ್ಪಷ್ಟವಾಗಲಿಲ್ಲ. ಹಳೆಯ ದಾಖಲೆ ಬಿಡಿಸಿಕೊಂಡು, ಮೂಲೆಯ ಕಲ್ಲು ಹುಡುಕಿ, ಮೂವತ್ತಮೂರು ಅಡಿಯ ಸರಪಳಿಯನ್ನು ಬಿಗಿದು ಎರಡು ಸಲ ಅಳೆದೆ. ಸಂಶಯವೇ ಇರಲಿಲ್ಲ. ಚಂದ್ರುವಿನ ಹುಳುಮನೆಯ ಗೋಡೆ ಎಂಟು ಅಡಿ ಅಣ್ಣನ ನೆಲದಲ್ಲಿತ್ತು. ಹೇಳಿದೆ. ಚಂದ್ರುವಿನ ಮುಖ ಇಳಿಯಿತು. ಅವನ ಹೆಂಡತಿ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊತ್ತಿಕೊಂಡಳು. ಅಳೆದಾಯಿತು, ಅತ್ತಾಯಿತು, ಇನ್ನು ನನ್ನ ಕೆಲಸ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಮುನಿರಾಜು ಹುಳುಮನೆಯೊಳಗೆ ಇಣುಕಿದ.

"ಯಾವ ಜ್ವರದಲ್ಲವೆ?" ಎಂದು ತಮ್ಮನನ್ನು ಕೇಳಿದ. ಹುಳು ಪೊರೆ ಬಿಡುವ ಹೊತ್ತನ್ನು ನಮ್ಮ ಕಡೆ ಜ್ವರವೆನ್ನುತ್ತಾರೆ; ನಾಲ್ಕನೆಯದು ಕಳೆದರೆ ವಾರದಲ್ಲಿ ಗೂಡು, ಆಗ ಹುಳುಮನೆಯನ್ನು ಅಲುಗಿಸುವಂತಿಲ್ಲ.

"ನಾಲ್ಕನೇ ಜ್ವರದಿಂದ ನೆನ್ನೆ ಎದ್ದವೆ ಕಣಣ್ಣ."

"ಏಮಿರಾ ನೀನು, ಮೊದಲೇ ಬಂದು ಕೇಳಿದ್ರೆ ನಾ ಬೇಡ ಅಂತಿದ್ನಾ?" ಎಂದವನು ನನ್ನ ಕಡೆ ತಿರುಗಿ, "ಇರೋದನ್ನ ಇದ್ದಂಗೆ ಬರ್ಕೊಳಪ್ಪ. ಗೋಡೆ ಅಲ್ಲೇ ಇರ್ಲಿ. ಎಂಟಡಿ ಬಿಟ್ಟೆ ಅಂತ ನಾನೇ ಬರ್ದು ಸೈನ್ ಮಾಡ್ತೀನಿ," ಎಂದ.

ಬರೆದುಕೊಟ್ಟ. ಚಂದ್ರು ಅಣ್ಣನ ಕೈಯನ್ನೊಮ್ಮೆ ಹಿಡಿದು, ನನಗೆ ಎಳನೀರು ತರುತ್ತೇನೆಂದು ಹೊರಟುಹೋದ.

ನನಗೆ ಸಮಾಧಾನವಾಗಬೇಕಿತ್ತು; ಬಂದದ್ದು ಸಿಟ್ಟು. ಒಂದೂವರೆ ವರ್ಷದ ಮೌನ ಮುರಿದು ನಾನು ಆಡಿದ ಮೊದಲ ಮಾತು ಇಂತಿತ್ತು: "ಎಂಟಡಿ ಹೀಗೆ ಬಿಟ್ಟುಬಿಡ್ತೀಯ. ಆ ಹಡಗಿನಲ್ಲಿ ಒಂದು ಮೀಟರ್ ಬಿಡಲಿಲ್ಲವಲ್ಲೋ ನೀನು!"

ಅವನು ಬದುವಿನ ಮೇಲೆ ಕುಳಿತ.

"ಅಪ್ಪ ಹೋದ್ಮೇಲೆ ಓದು ಬಿಟ್ಟೆ. ತಮ್ಮನ ಮದುವೆ ಆಗ್ಲಿ ಅಂತ ನಂದು ಬಿಟ್ಟೆ. ಮನೆ ಭಾಗ ಆದಾಗ ಮುಂದಿನ ರೂಮು ಬಿಟ್ಟೆ. ಬಿಟ್ಟು ಬಿಟ್ಟು ಅಭ್ಯಾಸ ಆಗೋಗೈತೆ ಕಣೋ ಸೀನ. ಅದೊಂದು ಹಡಗಾದ್ರೂ ನಂದಿರ್ಲಿ ಅಂತ ಹಿಡ್ಕಂಡಿದ್ದೆ."

"ಅವತ್ತು ನಾನು ಬರೆದದ್ದು ತಪ್ಪು," ಎಂದೆ.

"ಇಂಗ್ಲೀಷಲ್ಲಿ ಬರ್ದಿದ್ದೆಯಲ್ಲ, ಅರ್ಧ ಅರ್ಥಾನೇ ಆಗ್ಲಿಲ್ಲ ಬಿಡು," ಎಂದ. ಅವನ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿತ್ತು.

ಎಳನೀರು ಕುಡಿದು ಹೊರಡುವಾಗ ಅವನು ಸರಪಳಿಯನ್ನು ಕಾಲಿನಿಂದ ಸರಿಸಿ, "ನಿನ್ನ ಮುನ್ನೂರು ಮೀಟರ್ ಅಂದ್ರೆ ಎಷ್ಟು ಸರಪಳಿ ಆಗ್ತದೋ?" ಎಂದು ಕೇಳಿದ.

"ಹೆಚ್ಚುಕಡಿಮೆ ಮೂವತ್ತು. ನಿನ್ನದು ಅರವತ್ತನಾಲ್ಕು."

"ಇಷ್ಟು ವರ್ಷ ಕಿತ್ತಾಡಿದ್ವಿ, ಅದು ನೆಲದ ಮೇಲೆ ನಿಂತ್ರೆ ಎಷ್ಟಿರ್ತದೆ ಅಂತ ಇಬ್ರೂ ನೋಡಿಲ್ಲ. ಬಾ, ಕೆರೆಯಂಗಳಕ್ಕೆ ಹೋಗಣ."

ಹೀಗೆ ಐವತ್ತರ ಹತ್ತಿರದ ಇಬ್ಬರು ಗಂಡಸರು, ಒಬ್ಬ ದಿನವಿಡೀ ಸರಪಳಿ ಎಳೆದು ಸೊಂಟ ಬಿದ್ದವ, ಇನ್ನೊಬ್ಬ ನಸುಕಿನಿಂದ ಹಾಲಿನ ಕ್ಯಾನುಗಳ ಮುಂದೆ ನಿಂತು ಮಂಡಿ ಹಿಡಿದವ, ನೀರಿಲ್ಲದ ಕೆರೆಯ ಅಂಗಳಕ್ಕೆ ಇಳಿದೆವು. ಜಾಲಿಮರವೊಂದನ್ನು ನೌಕೆಯ ಬಾಲವೆಂದು ಗೊತ್ತುಮಾಡಿ ಅಳೆಯತೊಡಗಿದೆವು. ಅವನು ಮುಂದೆ, ನಾನು ಹಿಂದೆ. ಹತ್ತು ಸರಪಳಿಗೆ ಮಾತು ನಿಂತಿತು. ಇಪ್ಪತ್ತಕ್ಕೆ ಉಸಿರು ಹಿಡಿಯಿತು. ದನ ಮೇಯಿಸುತ್ತಿದ್ದ ಮುದುಕಿಯೊಬ್ಬಳು, "ಯಾರಿಗಪ್ಪಾ ಕೊಡ್ತಾರೆ ಈ ಕೆರೇನಾ?" ಎಂದು ಗಾಬರಿಯಿಂದ ಕೇಳಿದಳು. ಮೂವತ್ತನೆಯ ಸರಪಳಿ ಮುಗಿದ ಜಾಗದಲ್ಲಿ ಮುನಿರಾಜು ಕಲ್ಲೊಂದರ ಮೇಲೆ ಕುಸಿದು ಕೂತು ಹಿಂತಿರುಗಿ ನೋಡಿದ. ನಾನೂ ನೋಡಿದೆ. ಜಾಲಿಮರ ಕೊತ್ತಂಬರಿ ಕಡ್ಡಿಯಷ್ಟಾಗಿತ್ತು. ಇಷ್ಟು ದೊಡ್ಡದೊಂದು ವಸ್ತು ನಮ್ಮ ತಲೆಯ ಮೇಲೆ ತೇಲಿದರೆ ಊರಿಗೆ ಊರೇ ಕತ್ತಲಾದೀತು.

"ಸಾಕು ಕಣೋ," ಎಂದ. "ಇಷ್ಟಿದ್ರೂ ದೊಡ್ಡದೇ. ನಿಂದೇ ಸರಿ, ಇಟ್ಕೋ. ಮುನ್ನೂರು."

ಈ ಮಾತಿಗಾಗಿ ನಾನು ಎಷ್ಟು ಭಾನುವಾರ ಕಾದಿದ್ದೆನೋ! ಗೆದ್ದವನಿಗೆ ಆಗಬೇಕಾದ್ದು ಏನೂ ಆಗಲಿಲ್ಲ. ಬೆಳಗಿನಿಂದ ಎರಡನೆಯ ಸಲ ಅವನು ಏನನ್ನೋ ಬಿಡುವುದನ್ನು ನೋಡುತ್ತಿದ್ದೆ, ಅಷ್ಟೆ. ನನ್ನ ಕಾಲುಗಳು ನನ್ನ ಪಕ್ಷವನ್ನೇ ಹಿಡಿದು, ಮುನ್ನೂರೇ ಪರಮಸತ್ಯವೆಂದು ವಾದಿಸುತ್ತಿದ್ದವು. ಅವುಗಳ ಮಾತು ಕೇಳದೆ ಸರಪಳಿಯ ಹಿಡಿಯನ್ನು ಅವನ ಮಡಿಲಿಗೆ ಹಾಕಿದೆ.

"ಏಳು. ಇನ್ನೂ ಮೂವತ್ತನಾಲ್ಕು ಇದೆ."

"ನಿಂದು ಮುಗೀತಲ್ಲೋ!"

"ನನ್ನದು ಮುಗೀತು. ನಿನ್ನದು ಮುಗಿದಿಲ್ಲ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಮಂಡಿಯ ಮೇಲೆ ಕೈಯೂರಿ, "ಅಯ್ಯಪ್ಪಾ" ಎಂದು ಎದ್ದು, ಪಂಚೆ ಎತ್ತಿ ಕಟ್ಟಿ, ಮುಂದಕ್ಕೆ ನಡೆದ. ನಲವತ್ತೊಂದನೆಯ ಸರಪಳಿಯಲ್ಲಿ, ಮೂತಿಯ ಕಂಬವನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ನಾನು ಸುಮ್ಮನೆ ಅಂದೆ. ಅವನು ಅಲ್ಲೇ ನಿಂತು, ಸರಪಳಿ ಕೆಳಗೆ ಬಿಟ್ಟು, ಎರಡೂ ಕೈ ಬೀಸಿಕೊಂಡು ಜಗಳಕ್ಕೆ ತಿರುಗಿ ಬಂದ.