ಪೈಸಾರಿ ಜಾಗ

ನಿವೃತ್ತರಾಗಿ ನಾಲ್ಕು ವರ್ಷವಾದರೂ ತಿತಿಮತಿಯ ಜನ ನಂಜಪ್ಪನವರನ್ನು ಸರ್ವೆಯರ್ ಎಂದೇ ಕರೆಯುತ್ತಿದ್ದರು. ಅವರಿಗೂ ಅದು ಇಷ್ಟವೇ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಅಕ್ಕಪಕ್ಕದವರಿಗೆ ನೋಟಿಸ್ ಕೊಡದೆ ಒಂದು ಗಡಿಕಲ್ಲನ್ನೂ ಸರಿಸಿದವರಲ್ಲ. "ಕಾಗದ ನೋಡಿದ್ರೆ ಸಾಲದು, ಜಾಗಕ್ಕೆ ಹೋಗಿ ಯಾರಿದಾರೆ ಅಂತ ಕೇಳ್ಬೇಕು" ಎಂದು ಕಿರಿಯರಿಗೆ ಪಾಠ ಹೇಳುತ್ತಿದ್ದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಮಾತು ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಫೆಬ್ರವರಿಯ ಒಂದು ಬೆಳಿಗ್ಗೆ ಹೆಂಡತಿ ವಿಮಲಮ್ಮ ಗೋಣಿಕೊಪ್ಪಕ್ಕೆ ಹೋಗಿದ್ದರು. ಮನೆಯ ಕಂಪ್ಯೂಟರ್ ಸಿ ಡ್ರೈವ್ ತುಂಬಿದೆ ಎಂದು ಕೆಂಪು ಪಟ್ಟಿ ತೋರಿಸುತ್ತಿತ್ತು. ನಂಜಪ್ಪನವರು ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿಕೊಂಡು ಡಿಸ್ಕಿನ ಚಿತ್ರ ತೆರೆದರು. ಥೇಟ್ ಸರ್ವೆ ನಕ್ಷೆ! ಒಂದು ಪಟ್ಟಿ ಸಿ. ಅದಕ್ಕೆ ತಾಗಿಕೊಂಡೇ ಇನ್ನೊಂದು ದೊಡ್ಡ ಪಟ್ಟಿ. ಅದಕ್ಕೆ ಹೆಸರಿಲ್ಲ, ಅಕ್ಷರವಿಲ್ಲ, ನೂರಕ್ಕೆ ನೂರು ಖಾಲಿ ಎಂದು ಬರೆದಿತ್ತು.

"ಪೈಸಾರಿ!" ಎಂದರು ನಂಜಪ್ಪನವರು ಗಟ್ಟಿಯಾಗಿ. ಯಾರ ಹೆಸರಿಗೂ ಇಲ್ಲದ ಸರ್ಕಾರಿ ಜಾಗಕ್ಕೆ ಕೊಡಗಿನಲ್ಲಿ ಹಾಗೆನ್ನುವುದು. ಜೀವಮಾನವಿಡೀ ಪೈಸಾರಿ ಒತ್ತುವರಿ ಬಿಡಿಸಿದ ಮನುಷ್ಯನಿಗೆ ತಾನೇ ಒಂದಿಷ್ಟು ಒತ್ತುವರಿ ಮಾಡುವ ಯೋಗ. ಖಚಿತವೇ ಎಂದು ಕಂಪ್ಯೂಟರ್ ಕೇಳಿತು. ಹೌದು ಎಂದು ಒತ್ತಿದರು. ಪಟ್ಟಿ ಅಳಿಸಿ ಸಿಗೆ ಸೇರಿಸಿದರು. ಕೆಂಪು ಹೋಗಿ ನೀಲಿ ಬಂತು. ಆ ಖುಷಿಯಲ್ಲಿ ಮೊಬೈಲಿನ ವಿಡಿಯೊಗಳು, ಸ್ಕ್ಯಾನ್ ಮಾಡಿದ ಹಳೆಯ ನಕ್ಷೆಗಳು ಎಲ್ಲವನ್ನೂ ಜಾಗ ಭರ್ತಿಯಾಗುವವರೆಗೆ ತುಂಬಿ, ಯಂತ್ರ ಆರಿಸಿ, ಕಾಫಿ ಕುಡಿದರು.

ಮಧ್ಯಾಹ್ನ ವಿಮಲಮ್ಮ ಕಂಪ್ಯೂಟರ್ ಹಾಕಿದರೆ ಕಪ್ಪು ಪರದೆ, ಮೇಲೆ ಒಂದು ಸಾಲು ಇಂಗ್ಲಿಷು. ಅಷ್ಟೆ.

"ಏನ್ಮಾಡಿದ್ರಿ?"

"ಖಾಲಿ ಇದ್ದ ಜಾಗ ಸಿಗೆ ಸೇರಿಸ್ದೆ."

"ಖಾಲಿ ಅಂತ ಯಾರಂದ್ರು? ಹಾಕ್ದಾಗೆಲ್ಲ ಎರಡು ಹೆಸರು ಬರ್ತಿತ್ತಲ್ಲ, ಮೇಲಿಂದು ನಂದು."

ಬರುತ್ತಿತ್ತು. ನಾಲ್ಕು ವರ್ಷ ದಿನಾ ಬೆಳಿಗ್ಗೆ ಬರುತ್ತಿತ್ತು. ಮೇಲಿನದು ಏನೆಂದು ಓದದೆ, ಕೆಳಗಿನ ಬಾಣ ಒತ್ತಿ ತಮ್ಮ ವಿಂಡೋಸಿಗೆ ಇಳಿದು ಹೋದವರು ನಂಜಪ್ಪನವರೇ. ಮೇಷ್ಟರುಗಳ ತರಬೇತಿಯಲ್ಲಿ ಕಲಿತ ಲಿನಕ್ಸನ್ನು, ವಿಂಡೋಸಿನಂಥದೇ ಇನ್ನೊಂದು ವ್ಯವಸ್ಥೆಯನ್ನು, ವಿಮಲಮ್ಮ ಮನೆಯಲ್ಲೂ ಆ ಪಟ್ಟಿಯಲ್ಲಿ ಹಾಕಿಸಿಕೊಂಡಿದ್ದರು. ವಿಂಡೋಸಿನ ಕಣ್ಣಿಗೆ ಅದು ಖಾಲಿ ಬಯಲು.

ಅಲ್ಲಿದ್ದದ್ದು ಏನು ಎಂಬುದು ನಂಜಪ್ಪನವರಿಗೆ ಗೊತ್ತಿತ್ತು, ಎಲ್ಲಿತ್ತು ಎಂಬುದು ಗೊತ್ತಿರಲಿಲ್ಲ. ಒಂದನೇ ತರಗತಿಯ ಟೀಚರಾಗಿದ್ದ ವಿಮಲಮ್ಮ ಇಪ್ಪತ್ತೆಂಟು ವರ್ಷ ಒಂದು ಕೆಲಸ ಮಾಡಿದ್ದರು. ಶಾಲೆಗೆ ಸೇರಿದ ದಿನ ಪ್ರತಿ ಮಗು ಆಡಿದ ಮೊದಲ ಮಾತನ್ನು, ಅದು ಮಲಯಾಳವಿರಲಿ, ಅರೆಭಾಷೆಯಿರಲಿ, ಹೆಸರಿನ ಮುಂದೆ ಬರೆದಿಡುವುದು. "ಇಲ್ಲಿಗೆ ಆನೆ ಬಂದ್ರೆ ಬಾಗ್ಲು ಯಾರು ಹಾಕ್ತಾರೆ?" ಎಂದು ಕೇಳಿದ್ದ ಹುಡುಗ ಈಗ ಮಾಕುಟ್ಟದಲ್ಲಿ ಫಾರೆಸ್ಟ್ ಗಾರ್ಡು. ಹೆಂಡತಿ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಮುಗಿಸಿದ ಮೇಲೆ, "ಇನ್ನು ಈ ಗೆದ್ದಲು ಹಿಡಿದ ಪುಸ್ತಕ ಯಾಕೆ?" ಎಂದು ಹಂಡೆ ಒಲೆಗೆ ಹಾಕಿದವರೂ ನಂಜಪ್ಪನವರೇ.

ಮರುದಿನ ಯಂತ್ರವನ್ನು ಹೊತ್ತು ಗೋಣಿಕೊಪ್ಪದ ರಿಪೇರಿ ಅಂಗಡಿಯ ಪ್ರಸಾದನ ಮುಂದಿಟ್ಟರು. ಅವನು ಎರಡು ದಿನ ಹುಡುಕಿದ. "ಅಳಿಸಿ ಹಾಗೇ ಬಿಟ್ಟಿದ್ರೆ ತೆಗಿಬಹುದಿತ್ತು ಸಾರ್. ಅದ್ರ ಮೇಲೆ ನೀವು ತುಂಬಿಸ್ಬಿಟ್ಟಿದ್ದೀರಲ್ಲ" ಎಂದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ವಿಮಲಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಂದಿನಂತೆ ರೊಟ್ಟಿ ಹಾಕಿದರು, ಎಣ್ಣೆಗಾಯಿ ಬಡಿಸಿದರು. "ತಪ್ಪಾಯ್ತು ಕಣೇ" ಎಂದರೆ, "ಊರಿಗೆಲ್ಲ ನೋಟಿಸ್ ಕೊಟ್ರಿ. ನನ್ನ ಒಂದ್ಮಾತು ಕೇಳ್ಲಿಲ್ಲ" ಎಂದು ತಟ್ಟೆ ಎತ್ತಿಕೊಂಡು ಹೋದರು.

ಆಮೇಲೆ ಒಂದು ಉಪಾಯ ಹೊಳೆಯಿತು. ಜಾಗಕ್ಕೆ ಹೋಗಿ, ಆ ಮಾತು ಆಡಿದವರನ್ನೇ ಕೇಳುವುದು. ಹೊಸ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಹೆಸರಿಗೊಂದು ಅಂಕಣ, ಮಾತಿಗೊಂದು ಅಂಕಣ ಮಾಡಿಕೊಂಡು ಹೆಂಡತಿಗೆ ಹೇಳದೆಯೇ ಹೊರಟರು. ಮೊದಲು ಸಿಕ್ಕವಳು ಚೋಮಿ, ವಿಮಲಮ್ಮನ ಹಳೆಯ ವಿದ್ಯಾರ್ಥಿನಿ. ಕಾಫಿ ಪಿಕ್ಕಿಂಗ್ ಮುಗಿಸಿ ತೋಟದ ಆಳುಗಳ ಲೈನ್ ಮನೆಯ ಮುಂದೆ ಕೈ ತೊಳೆಯುತ್ತಿದ್ದಳು. ಪಕ್ಕದಲ್ಲಿ ಐದು ವರ್ಷದ ಮಗಳು.

"ಶಾಲೆಗೆ ಸೇರಿದ ದಿನ ನೀನು ಏನಂದಿದ್ದೆ, ನೆನಪುಂಟಾ?" ಎಂದು ಕೇಳಿದರು.

ಚೋಮಿ ನಕ್ಕಳು. "ನಂಗೆಲ್ಲಿ ನೆನಪು ಸಾರ್? ಟೀಚರ್ ಬರ್ದಿಟ್ಟಿದ್ದಾರಲ್ಲ. ಈ ಜೂನ್‌ಗೆ ಇವಳನ್ನ ಸೇರಿಸ್ಬೇಕು. ಅಮ್ಮ ಏನಂದಿದ್ಲು ಅಂತ ದಿನಾ ಕೇಳ್ತಾಳೆ. ಟೀಚರ್ ಹತ್ರ ಓದಿಸ್ತೀನಿ ಅಂದಿದ್ದೀನಿ."

ನಂಜಪ್ಪನವರು ಜಗಲಿಯಲ್ಲಿ ಕೂತರು.

"ಅದು ಇಲ್ಲಮ್ಮ ಈಗ. ನಾನೇ ಅಳಿಸ್ಬಿಟ್ಟೆ. ಯಾರದೂ ಅಲ್ಲ ಅಂದ್ಕೊಂಡೆ."

ಚೋಮಿಯ ನಗು ನಿಂತಿತು. ಮಗಳು ತಾಯಿಯ ಮುಖ ನೋಡಿದಳು. ನೋಟ್‌ಬುಕ್ಕಿನಲ್ಲಿ ಚೋಮಿ ಎಂದು ಆಗಲೇ ಬರೆದಾಗಿತ್ತು. ಅದರ ಮುಂದಿನ ಅಂಕಣದಲ್ಲಿ ಏನೂ ಇರಲಿಲ್ಲ. ಅಂಥ ಜಾಗ ಕಂಡರೆ ಖಾಲಿ ಎಂದು ಷರಾ ಬರೆಯುವುದು ಮೂವತ್ತೊಂದು ವರ್ಷದ ರೂಢಿ. ಈ ಸಲ ಹಾಗೆ ಬರೆಯಲು ಪೆನ್ನು ಹಿಡಿದ ಕೈ ಏಳಲಿಲ್ಲ.